ದೊರೆಗಳ ಪೆಟ್ಟಿಗೆ, ಕಾಶವ್ವನ ದನಿ

೧೯೫೭ರಲ್ಲಿ ನಾನು ರೋಣದಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿದ್ದೆ. ಬ್ಯಾಟರಿ ರೇಡಿಯೊ ರಿಪೇರಿ ಮಾಡುವುದು, ಮದುವೆ ಮತ್ತು ಸಭೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುವುದು ನನ್ನ ಉದ್ಯೋಗ. ಯುದ್ಧದ ಕಾಲದಲ್ಲಿ ಸೈನ್ಯದ ವೈರ್‌ಲೆಸ್ ವಿಭಾಗದಲ್ಲಿ ಕಲಿತ ವಿದ್ಯೆ ಅದು. ಊರವರಿಗೆ ನಾನು ‘ಮೈಕ್ ಶಂಕ್ರಪ್ಪ’. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮೈಕಿನ ಮುಂದೆ ಬಂದವರೆಲ್ಲ ಮೊದಲು ಅದನ್ನು ಬೆರಳಿನಿಂದ ಕುಟ್ಟಿ, ಆಮೇಲೆ ಒಲೆ ಊದುವಂತೆ ಊದಿ, ಕೊನೆಗೆ ದೂರ ನಿಂತು ಮಾತಾಡಿದರೆ ಯಾರಿಗಾದರೂ ಸಿಟ್ಟು ಬಂದೀತು.

ಆ ವರ್ಷ ಒಂದು ನಾಟಕ ಕಂಪನಿ ಕೊಣ್ಣೂರಿನಲ್ಲಿ ಹೊಳೆ ಏರಿ ಡೇರೆ ಕಿತ್ತು, ನರಗುಂದಕ್ಕೆ ಬಂದು ಕ್ಯಾಂಪ್ ಹಾಕಿತ್ತು. ಕಂಪನಿಯ ಒಡತಿ, ಮುಖ್ಯ ನಟಿ, ಹಾಡುಗಾರ್ತಿ ಎಲ್ಲ ಒಬ್ಬಳೇ, ಕಾಶವ್ವ. ಮ್ಯಾನೇಜರ್ ಅವಳ ತಮ್ಮ ನೀಲಪ್ಪ. ನಾನು ಹುಡುಗನಾಗಿದ್ದಾಗ ಅವಳ ದನಿ ಮೈಕಿಲ್ಲದೆ ಡೇರೆ ದಾಟಿ ರಸ್ತೆಯಲ್ಲಿ ಹೋಗುವವರನ್ನು ನಿಲ್ಲಿಸುತ್ತಿತ್ತು. ಆಮೇಲೆ ವಿಷಮಜ್ವರ ಬಂದು ಮೂರು ತಿಂಗಳು ಮಲಗಿದಳು. ಎದ್ದಾಗ ದನಿ ಕೆಳಗಿಳಿದಿತ್ತು. ಹತ್ತಿರ ಕೂತು ಕೇಳಿದರೆ ಮೊದಲಿಗಿಂತಲೂ ಚೆಂದ ಅನ್ನಿಸುವ, ದಪ್ಪನೆಯ, ಮೆದುವಾದ ದನಿ. ಆದರೆ ಐದನೆಯ ಸಾಲಿಗೆ ಮುಟ್ಟುತ್ತಿರಲಿಲ್ಲ.

ಕಂಪನಿಯಲ್ಲಿ ಒಂದು ಮೈಕ್ ಸೆಟ್ ಇತ್ತು, ಎರಡು ತಗಡಿನ ಹಾರ್ನ್ ಇದ್ದವು. ಹಾರ್ನ್ ಎಂದರೆ ಕಂಬಕ್ಕೆ ಕಟ್ಟುವ ತುತ್ತೂರಿಯಾಕಾರದ ಸ್ಪೀಕರ್. ಅದು ದನಿಯನ್ನು ದೂರ ಒಯ್ಯುತ್ತದೆ, ಆದರೆ ಕೆಳಗಿನ ಸ್ವರಗಳನ್ನು ನುಂಗಿಬಿಡುತ್ತದೆ. ಕಾಶವ್ವನ ದನಿಯಲ್ಲಿ ಉಳಿದಿದ್ದುದೇ ಕೆಳಗಿನ ಸ್ವರ. ನರಗುಂದದಲ್ಲಿ ನಾಟಕದೊಳಗೆ ಅವಳು ಸತ್ತ ಮಗನನ್ನು ತೊಡೆಯ ಮೇಲಿಟ್ಟುಕೊಂಡು ಹಾಡಿದಾಗ ಹಾರ್ನಿನಿಂದ ಡಬ್ಬಿಯೊಳಗಿನ ಜೀರುಂಡೆಯಂಥ ಸದ್ದು ಬಂತು. ಜನ ನಕ್ಕರು. ನಾನು ಆ ದಿನ ಜನರ ನಡುವೆ ಕೂತಿದ್ದೆ. ನಾಚಿಕೆಯಿಂದ ನನ್ನ ತಲೆ ತಗ್ಗಿತು.

ಮರುದಿನ ನೀಲಪ್ಪ ನನ್ನನ್ನು ಡೇರೆಗೆ ಕರೆದು, ಗೋಣಿತಟ್ಟು ಸರಿಸಿ ಒಂದು ಪೆಟ್ಟಿಗೆ ತೋರಿಸಿದ. ಹುಬ್ಬಳ್ಳಿಯಲ್ಲಿ ಇಂಗ್ಲಿಷ್ ದೊರೆಗಳ ಕುಣಿತದ ಕ್ಲಬ್ಬು ಮುಚ್ಚಿದಾಗ ‘ದೊಡ್ಡ ರೇಡಿಯೊ’ ಎಂದು ತಿಳಿದು ಕೊಂಡದ್ದಂತೆ. ಅದು ರೇಡಿಯೊ ಅಲ್ಲ, ಯುದ್ಧಕ್ಕಿಂತ ಮೊದಲಿನ ಅಮೆರಿಕನ್ ಬೇಸ್ ಆಂಪ್ಲಿಫೈಯರ್. ಬ್ಯಾಂಡಿನ ದಪ್ಪ ತಂತಿವಾದ್ಯದ ಮಂದ್ರಸ್ವರವನ್ನು ದೊಡ್ಡದು ಮಾಡಲಿಕ್ಕೆ ಕಟ್ಟಿದ ಯಂತ್ರ. ಒಳಗೆ ಗಾಜಿನ ವಾಲ್ವುಗಳು, ಮುಂದೆ ಹದಿನೈದು ಇಂಚಿನ ಕಾಗದದ ಸ್ಪೀಕರ್. ಸ್ವಿಚ್ ಹಾಕಿದರೆ ವಾಲ್ವು ಕೆಂಪಗೆ ಕಾದು, ಆಮೇಲೆ ಸದ್ದು ಏಳುತ್ತದೆ.

‘ಇದರಾಗ ಅಕ್ಕನ ದನಿ ಹೊಂಡತೈತೇನ್ರಿ?’ ಎಂದ ನೀಲಪ್ಪ.

‘ಹೊಂಡತೈತಿ. ಆದ್ರ ಮುಂದಿನ ಮಂದಿಗಷ್ಟ. ಹಿಂದಿನವ್ರಿಗೆ ಹಾರ್ನ್ ಬೇಕ. ಎರಡೂ ಕೂಡಸ್ಬೇಕು, ಆಗ ದಪ್ಪ ದನಿನೂ ಉಳೀತೈತಿ, ದೂರಾನೂ ಮುಟ್ಟತೈತಿ,’ ಎಂದೆ.

ಕಾಶವ್ವ ಕೊಡದ ಮೇಲೆ ಕೈಯಿಟ್ಟು ಕೇಳುತ್ತ ನಿಂತಿದ್ದಳು. ‘ಶಂಕ್ರಪ್ಪ, ಗಜೇಂದ್ರಗಡ ನನಗ ಕಡೀ ಊರು. ಅಲ್ಲಿ ಮಂದಿ ಕೇಳಿದ್ರ ಕಂಪನಿ ಉಳೀತು. ಇಲ್ಲಂದ್ರ ಪರದೆ ಮಾರಿ ಎಲ್ರನ್ನೂ ಅವರವರ ಊರಿಗೆ ಕಳಸೂದು,’ ಎಂದಳು. ದನಿಯಲ್ಲಿ ಅಳು ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

ಕೂಡಿಸುವ ಕೆಲಸ ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ದೊರೆಗಳ ಪೆಟ್ಟಿಗೆ ೧೧೦ ವೋಲ್ಟಿನದು, ಕಂಪನಿಯ ಜನರೇಟರ್ ೨೩೦ ವೋಲ್ಟಿನದು. ಮೊದಲು ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್ ಹೊಂದಿಸಿದೆ. ಮೈಕನ್ನು ಬೇಸ್ ಪೆಟ್ಟಿಗೆಗೇ ಕೊಟ್ಟೆ. ಅದರ ಸ್ಪೀಕರಿಗೆ ಹೋಗುವ ತಂತಿಯಿಂದ, ನಡುವೆ ರೆಸಿಸ್ಟರುಗಳನ್ನು ಹಾಕಿ, ಒಂದು ಚಮಚೆಯಷ್ಟು ಸದ್ದನ್ನು ಮಾತ್ರ ಸೋಸಿ ತೆಗೆದು, ಹಳೆಯ ಮೈಕ್ ಸೆಟ್ಟಿನಲ್ಲಿ ಗ್ರಾಮಫೋನ್ ತಂತಿ ಸಿಕ್ಕಿಸುವ ತೂತಿಗೆ ಕೊಟ್ಟೆ. ಸೋಸದೆ ಕೊಟ್ಟಿದ್ದರೆ ಹೊಳೆಯ ನೀರನ್ನು ಚರಿಗೆಗೆ ಬಿಟ್ಟಂತಾಗುತ್ತಿತ್ತು. ಪೆಟ್ಟಿಗೆಯ ಸ್ಪೀಕರನ್ನು ಕಳಚಲಿಲ್ಲ. ವಾಲ್ವ್ ಯಂತ್ರಕ್ಕೆ ಸ್ಪೀಕರ್ ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಅಂದರೆ ವಾಲ್ವಿನ ಶಕ್ತಿಯನ್ನು ಸ್ಪೀಕರಿಗೆ ಒಪ್ಪುವಂತೆ ಬದಲಿಸಿ ಕೊಡುವ ತಾಮ್ರದ ಸುರುಳಿ, ಸುಟ್ಟುಹೋಗುತ್ತದೆ.

ಗಜೇಂದ್ರಗಡದಲ್ಲಿ ಡೇರೆ ಎದ್ದ ಮೇಲೆ ಮೊದಲ ತೊಂದರೆ ಶುರುವಾಯಿತು. ಎರಡೂ ಯಂತ್ರ ಕೂಡಿದ ಕೂಡಲೇ ಗುಂಯ್ ಎಂಬ ಸದ್ದು. ಎರಡಕ್ಕೂ ಬೇರೆ ಬೇರೆ ಅರ್ಥ್, ಅಂದರೆ ನೆಲಕ್ಕೆ ಇಳಿಸುವ ತಂತಿ, ಕೊಟ್ಟರೆ ಹೀಗಾಗುತ್ತದೆ. ಒಂದೇ ಅರ್ಥ್ ಕೊಡೋಣವೆಂದರೆ ಗುಡ್ಡದ ಬುಡದ ಆ ನೆಲಕ್ಕೆ ಕಬ್ಬಿಣದ ಸಲಾಕೆ ಇಳಿಯಲೊಲ್ಲದು. ಕೊನೆಗೆ ತಂತಿಯನ್ನು ಪಕ್ಕದ ಬಾವಿಯವರೆಗೆ ಎಳೆದು ನೀರಿಗೆ ಬಿಟ್ಟೆ. ಸದ್ದು ನಿಂತಿತು. ಬಾವಿಗೆ ಬಂದ ಹೆಂಗಸರು ನೀರಿಗೆ ಕರೆಂಟ್ ಬಿಟ್ಟಿದ್ದಾನೆಂದು ನನ್ನನ್ನು ಬಾಯಿಗೆ ಬಂದಂತೆ ಬೈದರು. ನಾನೇ ಆ ನೀರು ಸೇದಿ ಕುಡಿದು ತೋರಿಸಬೇಕಾಯಿತು.

ಇನ್ನು ಒಂದು ಟವೆಲಿನ ವಿಷಯ ಹೇಳಬೇಕು. ಹಾಡುವವರಿಗೆ ತಮ್ಮ ದನಿ ಎಲ್ಲಿಯವರೆಗೆ ಮುಟ್ಟಿತೆಂದು ತಿಳಿಯುವುದಿಲ್ಲ. ಆ ಕಂಪನಿಯಲ್ಲಿ ಮೊದಲಿನಿಂದಲೂ ಒಂದು ಪದ್ಧತಿ ಇತ್ತು. ಒಬ್ಬ ಆಳು ಕಟ್ಟಕಡೆಯ ಸಾಲಿನ ಹಿಂದೆ ನಿಲ್ಲುತ್ತಿದ್ದ. ಕೇಳಿಸಿದರೆ ಟವೆಲ್ ಎತ್ತುತ್ತಿದ್ದ. ಕೇಳಿಸದಿದ್ದರೆ ಟವೆಲ್ ಹೆಗಲ ಮೇಲೇ ಇರುತ್ತಿತ್ತು. ಕಾಶವ್ವ ಆ ಕೆಲಸವನ್ನು ನನಗೆ ಕೊಟ್ಟಳು.

‘ನನ್ನ ಮನಸಿಗೆ ಸಮಾಧಾನ ಆಗ್ಲಿ ಅಂತ ಸುಳ್ಳ ಟವೆಲ್ ಎತ್ತಬ್ಯಾಡ. ಆಣಿ ಐತಿ ನಿನಗ,’ ಎಂದಳು.

ಮೊದಲ ಆಟವನ್ನು ಆ ಊರಿನ ನೇಕಾರರಿಗಾಗಿ ಬೇಗ ಇಟ್ಟಿದ್ದರು, ಮಗ್ಗ ನಿಲ್ಲಿಸಿ ಕೈಕಾಲು ತೊಳೆದು ನೇರ ಬಂದು ಕೂರುವ ಹೊತ್ತಿಗೆ. ಡೇರೆ ತುಂಬಿತ್ತು. ಕಾಶವ್ವ ಮಗನ ಹಾಡು ಎತ್ತಿಕೊಂಡಳು. ನಾನು ಕಣ್ಣು ಮುಚ್ಚಿ ನಿಂತಿದ್ದೆ. ದನಿ ಬಂತು. ಡಬ್ಬಿಯ ಸದ್ದಲ್ಲ, ಕಾಶವ್ವನದೇ ದನಿ, ದಪ್ಪನೆಯದು, ಪಕ್ಕದಲ್ಲಿ ಕೂತು ಹಾಡಿದ ಹಾಗೆ. ಟವೆಲನ್ನು ಎತ್ತಿದ್ದಲ್ಲ, ಬಾವುಟದಂತೆ ಬೀಸಿದೆ. ಜನ ‘ಒನ್ಸ್ ಮೋರ್’ ಎಂದು ಕೂಗಿದರು. ನಮ್ಮ ಕಡೆ ಒನ್ಸ್ ಮೋರ್ ಎಂದರೆ ಸತ್ತ ಪಾತ್ರವೂ ಎದ್ದು ಮತ್ತೆ ಹಾಡಬೇಕು. ಅವಳು ಮತ್ತೆ ಹಾಡಿದಳು, ಮತ್ತೆ ಕೂಗಿದರು. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತ್ಯಂತ ಚೆಂದದ ಕೆಲಸ ಅದೇ ಎಂದು ಆ ಹೊತ್ತಿಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ವಿರಾಮದಲ್ಲಿ ಆದದ್ದನ್ನು ನಾನು ನೋಡಲಿಲ್ಲ, ಆಮೇಲೆ ತಿಳಿಯಿತು. ನೇಕಾರರ ಓಣಿಯ ಹಿರಿಯಳು ಸಂಗವ್ವ ತಮ್ಮದೇ ಮಗ್ಗದ ಹೊಸ ಸೀರೆ ತಂದಿದ್ದಳು, ಕಾಶವ್ವನಿಗೆ ಉಡಿ ತುಂಬಲಿಕ್ಕೆ. ಕಾಶವ್ವ ಉಡಿಯನ್ನು ಕಣ್ಣಿಗೊತ್ತಿಕೊಂಡು, ‘ನನಗ ದನಿ ಕೊಟ್ಟಾಕಿ ಇಕಿ, ಮೊದಲ ಇಕಿಗೆ ಉಡಸ್ರಿ,’ ಎಂದು ಪೆಟ್ಟಿಗೆ ತೋರಿಸಿದಳಂತೆ. ಇಬ್ಬರೂ ಕೂಡಿ ದೊರೆಗಳ ಪೆಟ್ಟಿಗೆಗೆ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಬೆನ್ನು, ನೆತ್ತಿ ಎಲ್ಲ ಮುಚ್ಚಿ ಉಡಿಸಿದರು, ಕುಂಕುಮ ಹಚ್ಚಿದರು. ಪೆಟ್ಟಿಗೆಯನ್ನು ಮುಟ್ಟಬೇಡಿ, ಮೇಲೆ ನೀರಿನ ತಂಬಿಗೆ ಇಡಬೇಡಿ, ಒರಗಬೇಡಿ ಎಂದು ಎಲ್ಲರಿಗೂ ಹೇಳಿದ್ದೆ. ಆಂಪ್ಲಿಫೈಯರಿಗೆ ಸೀರೆ ಉಡಿಸಬೇಡಿ ಎಂದು ಯಾವ ಮೆಕ್ಯಾನಿಕ್ ಹೇಳಿಯಾನು?

ಪೆಟ್ಟಿಗೆಯ ಬೆನ್ನಿಗಿದ್ದ ತೂತುಗಳೇ ಅದರ ಮೂಗು. ವಾಲ್ವಿನ ಕಾವು ಅಲ್ಲಿಂದ ಹೊರಹೋಗಬೇಕು. ಮುಂದಿನ ಅಂಕದಲ್ಲಿ, ಹಿಂದೆ ನಿಂತ ನನಗೆ ಮೊದಲು ದನಿ ರಾಡಿಯಾಗಿದ್ದು ಕೇಳಿಸಿತು. ಜನರ ನಡುವೆ ಹಾಯ್ದು ಓಡಿ ವೇದಿಕೆ ಮುಟ್ಟುವುದರೊಳಗೆ ಡಾಂಬರು ಸುಟ್ಟ ವಾಸನೆ ಬಂತು, ಸದ್ದು ನಿಂತಿತು. ಅಲ್ಲಲ್ಲಿ ಸುಟ್ಟಿದ್ದ ಸೀರೆ ಎಳೆದು ಹಾಕಿದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನೊಳಗೆ ತುಂಬಿದ್ದ ಕಪ್ಪು ಮೇಣ ಕರಗಿ ಕೆಳಗೆ ತೊಟ್ಟಿಕ್ಕುತ್ತಿತ್ತು. ಉಳಿದ ಅಂಕವನ್ನು ಬರೀ ಹಾರ್ನಿನಲ್ಲಿ ಮುಗಿಸಿದರು. ಅಳುವ ಜಾಗದಲ್ಲಿ ಜನ ಮತ್ತೆ ನಕ್ಕರು.

ವಾಲ್ವ್ ಹೋಗಿದ್ದರೆ ನನ್ನ ಸಾಮಾನಿನ ಚೀಲದಲ್ಲೇ ಇದ್ದವು, ಹಾಕುತ್ತಿದ್ದೆ. ಸುರುಳಿ ಸುಟ್ಟರೆ ಹೊಸದಾಗಿ ಸುತ್ತಬೇಕು. ಗದಗಕ್ಕೆ ಬಸ್ಸು, ಅಲ್ಲಿಂದ ಹುಬ್ಬಳ್ಳಿಗೆ ರೈಲು. ಹುಬ್ಬಳ್ಳಿಯಲ್ಲಿ ಮೋಟಾರು ಸುತ್ತುವವನು ಕರಕಲನ್ನು ಬಿಚ್ಚಿ ನೋಡಿ, ‘ತಂತಿ ಒಂದಕ್ಕೊಂದು ಅಂಟಿ ಗಡ್ಡಿ ಆಗೇತ್ರಿ. ಎಷ್ಟ ಸುತ್ತು ಇದ್ವು ಅಂತ ದೇವ್ರಿಗೇ ಗೊತ್ತು,’ ಎಂದ. ಆದರೂ ಅಂದಾಜಿನ ಮೇಲೆ ಸುತ್ತಿಕೊಟ್ಟ. ತಂದು ಜೋಡಿಸಿದೆ. ಕಾಶವ್ವ ಮೈಕಿನ ಮುಂದೆ ಒಂದು ಸ್ವರ ಹಿಡಿದಳು. ದನಿ ಬಂತು, ಒಡೆದ ಮಡಕೆಯ ದನಿ. ಅವಳು ಇನ್ನೊಂದು ಸ್ವರ ಹಿಡಿಯುವಷ್ಟರಲ್ಲಿ ಅದೂ ಹೊಗೆಯಾಡಿತು. ನೀಲಪ್ಪ ಸ್ವಿಚ್ ಆರಿಸಿದ. ನನ್ನ ವಿದ್ಯೆ ಅಲ್ಲಿಗೆ ಮುಗಿದಿತ್ತು.

‘ಹಾರ್ನೂ ಇಳಸ್ರಿ. ತಗಡಿನ ಬಾಯಿಲೆ ನಗಿಸ್ಕೊಳ್ಳೂದು ಸಾಕು. ಇದ್ದ ದನಿಲೇ ಹಾಡತೇನಿ. ಶಂಕ್ರಪ್ಪ, ನಿನ್ನ ಜಾಗಾಕ್ಕ ನೀ ಹೋಗು,’ ಎಂದಳು ಕಾಶವ್ವ.

ಆ ಸಂಜೆ ಡೇರೆ ಅರ್ಧ ತುಂಬಿತ್ತು. ನಾನು ಹಿಂದೆ ನಿಂತೆ. ಸಂಗವ್ವನೂ ಬಂದು ನನ್ನ ಪಕ್ಕದಲ್ಲೇ ನಿಂತಿದ್ದಳು. ಸೀರೆಯಿಂದಲೇ ಯಂತ್ರ ಸುಟ್ಟಿತೆಂದು ತಿಳಿದಾಗಿನಿಂದ ಆ ಮುದುಕಿಗೆ ಮುಂದೆ ಕೂರುವ ಮುಖವಿರಲಿಲ್ಲ. ಮಗನ ಹಾಡು ಬಂತು. ಕಾಶವ್ವನ ತುಟಿ ಆಡುವುದು ಕಂಡಿತು, ಕಾಲುಪೆಟ್ಟಿಗೆ, ಅಂದರೆ ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ, ಅದು ಕೇಳಿಸಿತು. ಉಸಿರು ಹಿಡಿದು, ಕಿವಿಗೆ ಕೈ ಅಡ್ಡ ಕೊಟ್ಟು ಕೇಳಿದೆ. ಏನೂ ಇಲ್ಲ.

‘ಹಾಡಾಕತ್ತಾಳೇನಪಾ?’ ಎಂದು ಸಂಗವ್ವ ಪಿಸುಗುಟ್ಟಿದಳು.

ಕಾಶವ್ವ ಹಾಡುತ್ತಲೇ ತಲೆ ಎತ್ತಿ ನನ್ನ ಕಡೆ ನೋಡಿದಳು. ಟವೆಲಿನ ತುದಿ ನನ್ನ ಮುಷ್ಟಿಯಲ್ಲಿತ್ತು. ಎತ್ತಬೇಕೆಂದು ಇಡೀ ಮೈ ಹೇಳುತ್ತಿತ್ತು. ಆಣೆ ನೆನಪಾಯಿತು. ಎತ್ತಲಿಲ್ಲ. ಅವಳು ಕಾಯ್ದಳು, ಮತ್ತೊಂದು ಸಾಲು ಹಾಡಿದಳು, ಮತ್ತೆ ನೋಡಿದಳು. ಆಮೇಲೆ ಸಾಲಿನ ನಡುವೆಯೇ ನಿಲ್ಲಿಸಿ, ತೊಡೆಯ ಮೇಲಿನ ಹುಡುಗನನ್ನು ಮೆಲ್ಲಗೆ ಎಬ್ಬಿಸಿ, ಜನಕ್ಕೆ ಕೈ ಮುಗಿದು ಒಳಗೆ ಹೋದಳು. ಪರದೆ ಬಿತ್ತು.

ಮುಂದಿನ ಸಾಲುಗಳಲ್ಲಿ ಕೂತವರಿಗೆ ಹಾಡು ಅಲ್ಲಿಗೇ ಮುಗಿಯಿತು ಅನ್ನಿಸಿತು. ಅವರಿಗೆ ಕೇಳಿಸಿತ್ತು, ಚೆಂದವೂ ಅನ್ನಿಸಿತ್ತು. ‘ಒನ್ಸ್ ಮೋರ್! ಒನ್ಸ್ ಮೋರ್!’ ಎಂದು ಕೂಗಿದರು. ಪರದೆ ಮತ್ತೆ ಏಳಲಿಲ್ಲ.

ಮರುದಿನ ಬೆಳಿಗ್ಗೆ ಡೇರೆ ಬಿಚ್ಚುತ್ತಿದ್ದಾಗ ನಾನು ನನ್ನ ತಂತಿ ಸುತ್ತಿಕೊಳ್ಳುತ್ತಿದ್ದೆ. ಕಾಶವ್ವ ಬಂದು ಚಹಾ ಕೊಟ್ಟಳು. ಮೈಮೇಲೆ ಅದೇ ಸೀರೆ ಇತ್ತು, ಸುಟ್ಟ ಭಾಗ ನಿರಿಗೆಯೊಳಗೆ ಮರೆಯಾಗಿತ್ತು. ‘ನಿನ್ನಿ ನೀ ಟವೆಲ್ ಎತ್ತಿದ್ರ ನಾ ಇನ್ನೊಂದ್ ಊರಿಗೆ ಹೋಗತಿದ್ದೆ,’ ಎಂದಳು. ಬೈದಳೋ, ಉಪಕಾರ ಸ್ಮರಿಸಿದಳೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವಾಗಲಿಲ್ಲ. ಆಮೇಲೆ ಅವಳು ಎಲ್ಲಿಯೂ ಹಾಡಲಿಲ್ಲ.

ಮುಂದೆ ಎಷ್ಟೋ ವರ್ಷ ಮೈಕ್ ಕಟ್ಟಿದೆ. ಯಂತ್ರಗಳು ಸಣ್ಣವಾದವು, ವಾಲ್ವು ಹೋಗಿ ಟ್ರಾನ್ಸಿಸ್ಟರ್ ಬಂದವು, ಸೀರೆ ಉಡಿಸಿದರೂ ಸುಡದಂಥವೂ ಬಂದವು. ಎಲ್ಲ ಊರಿನಲ್ಲೂ ನಾನು ಮೊದಲು ಕಟ್ಟಕಡೆಯ ಸಾಲಿಗೆ ಹೋಗಿ ನಿಲ್ಲುತ್ತಿದ್ದೆ. ಅಲ್ಲಿ ನಿಂತವನ ಕೆಲಸ ಕೇಳುವುದು, ಕೇಳಿದಷ್ಟನ್ನೇ ಹೇಳುವುದು. ಈ ಉದ್ಯೋಗ ನನಗೆ ಕಲಿಸಿದ್ದು ಅಷ್ಟೇ. ಅದನ್ನು ಕಲಿತವನಿಗೆ ಸಮಾಧಾನವೂ ಸಿಗುತ್ತದೆಂದು ಮಾತ್ರ ಯಾರೂ ತಿಳಿಯಬಾರದು. ಈಗಲೂ ಎಲ್ಲಿಯಾದರೂ ಜನ ‘ಒನ್ಸ್ ಮೋರ್’ ಎಂದರೆ ನನ್ನ ಕೈ ತಾನಾಗಿಯೇ ಹೆಗಲಿಗೆ ಹೋಗುತ್ತದೆ, ಅಲ್ಲಿಯೇ ನಿಲ್ಲುತ್ತದೆ.