ತಂಗಿಗೆ ಕಲಿಸಿದ ಮೊಳ

ಮಲ್ಲಿಗೆ ಅಳೆಯಲು ನನಗೆ ಟೇಪು ಬೇಕಿಲ್ಲ, ದೇವರು ಕೊಟ್ಟ ಕೈ ಸಾಕು. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಏಳನೆಯ ತರಗತಿಗೇ ಶಾಲೆ ಬಿಟ್ಟು, ಯಡಿಯೂರು ಕೆರೆಯ ಹತ್ತಿರ ಹೂ ಮಾರಿಕೊಂಡು ಬಂದ ನಾನು ಈ ಮೊಳದ ವಿಷಯದಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಿದೆ. ನೀವು ತಾಳ್ಮೆಯಿಂದ ಕೇಳುತ್ತೀರೆಂದು ನಂಬಿದ್ದೇನೆ.

ನನ್ನ ತಂಗಿ ಸುಮಾ ಪದ್ಮನಾಭನಗರದಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ, ಬಿಡುವಿನಲ್ಲಿ ನಾಟಕದ ತಾಲೀಮಿಗೆ ಹೋಗುತ್ತಾಳೆ. ಆರು ವರ್ಷ ಗುಂಪಿನಲ್ಲಿ ನಿಂತವಳಿಗೆ ಈ ಸಲ ಮುಖ್ಯ ಪಾತ್ರ ಸಿಕ್ಕಿತ್ತು, ಹೂವಾಡಗಿತ್ತಿಯದು. ಆಡುವ ಮೊದಲು ಆ ಬದುಕನ್ನು ಬದುಕಿ ಬಾ ಎಂದು ನಿರ್ದೇಶಕರು ಹೇಳಿದ್ದರಂತೆ. ಹಾಗಾಗಿ ತಿಂಗಳಿಡೀ ಬೆಳಗ್ಗೆ ನನ್ನ ಪಕ್ಕ ಗೋಣಿಚೀಲದ ಮೇಲೆ ಕೂತು ಹೂ ಕಟ್ಟಿದಳು, ನೀರು ಚಿಮುಕಿಸಿದಳು, ನನ್ನಂತೆ ಸೊಂಟ ಹಿಡಿದುಕೊಂಡು ಏಳುವುದನ್ನೂ ಕಲಿತಳು.

ಆದರೂ ಒಂದು ದಿನ ಸಪ್ಪೆ ಮೋರೆ ಹಾಕಿಕೊಂಡು ಬಂದಳು. “ಅಕ್ಕ, ಸರ್ ಬೈದ್ರು. ಎಲ್ಲಾ ಸರಿ ಇದ್ಯಂತೆ, ಅಳೆಯೋದು ಮಾತ್ರ ಸ್ಕೇಲ್ ಇಟ್ಟು ಗೆರೆ ಎಳೆಯೋ ಟೀಚರ್ ಥರ ಇದ್ಯಂತೆ. ಶುಕ್ರವಾರದೊಳಗೆ ಸರಿಹೋಗ್ದಿದ್ರೆ ಪಾತ್ರ ಬೇರೆಯವರಿಗೆ ಕೊಡ್ತಾರಂತೆ.”

ತಪ್ಪು ಅವಳದಲ್ಲ. ಅಳೆಯುವಾಗ ನನ್ನ ನಡುಬೆರಳು ಮೆಲ್ಲಗೆ ಒಳಕ್ಕೆ ಮಡಚಿಕೊಳ್ಳುತ್ತದೆ. ಮೊಳಕ್ಕೆ ನಾಲ್ಕು ಹೂ ನನಗುಳಿಯುತ್ತವೆ. ಓದಿದ ತಂಗಿಯ ಮುಂದೆ ಮಾನ ಹೋದೀತೆಂದು ಆ ತಿಂಗಳಿಡೀ ಬೆರಳನ್ನು ನೆಟ್ಟಗೆ ಚಾಚಿ ಸತ್ಯವಂತೆಯಂತೆ ಅಳೆದಿದ್ದೆ. ಅವಳು ನಿಜವನ್ನು ಹುಡುಕಿಕೊಂಡು ಬಂದಿದ್ದಳು, ನಾನು ನಟಿಸುತ್ತಾ ಕೂತಿದ್ದೆ. ಆರು ವರ್ಷ ಕಾದು ಪಡೆದ ಪಾತ್ರ ನನ್ನ ನಟನೆಯಿಂದ ಅವಳ ಕೈತಪ್ಪುವುದರಲ್ಲಿತ್ತು.

ಇನ್ನೂ ಎರಡು ದಿನ ಬೆರಳು ನೆಟ್ಟಗೆ ಚಾಚಿಯೇ ಅಳೆದೆ. ಗುರುವಾರ ಅವಳ ಕೈ ಹಿಡಿದೆ. “ಇಲ್ಲಿ ನೋಡೇ. ಬೆರಳು ಹೀಗೆ ಮಡಚ್ಬೇಕು. ಮಡಚೋವಾಗ ಗಿರಾಕಿ ಮುಖ ನೋಡಿ, ಮಗಳಿಗೆ ಜ್ವರ ಬಿಡ್ತಾ ಅಂತ ಕೇಳ್ಬೇಕು.”

“ಕಳ್ಳಿ,” ಎಂದಳು ಸುಮಾ. ತಾನೂ ಬೆರಳು ಮಡಚಿ ನೋಡುತ್ತಾ, “ಜ್ವರದ ವಿಚಾರಾನೂ ನಾಟಕಾನಾ?”

“ಇಲ್ಲ ಕಣೇ, ಅದು ನಿಜ್ವಾಗ್ಲೂ ಕೇಳೋದು. ಅದಕ್ಕೇ ಯಾರಿಗೂ ಗೊತ್ತಾಗಲ್ಲ.”

ಹಾಗೆ ಹೇಳಿದಾಗಲೇ ನನಗೂ ಹೊಳೆಯಿತು: ಅಕ್ಕರೆಯೂ ಕಳ್ಳತನವೂ ನನ್ನಲ್ಲಿ ಒಂದೇ ದಾರಕ್ಕೆ ಕಟ್ಟಿಕೊಂಡಿವೆ. ಒಂದನ್ನು ಬಚ್ಚಿಟ್ಟರೆ ಇನ್ನೊಂದೂ ಸುಳ್ಳಾಗಿ ಕಾಣುತ್ತದೆ.

ಶುಕ್ರವಾರ ಪಾತ್ರ ಅವಳಿಗೇ ಉಳಿಯಿತು.

ಜೆ.ಪಿ. ನಗರದಲ್ಲಿ ಪ್ರದರ್ಶನ. ನನ್ನ ಪಕ್ಕ ದಿನಾ ಹೂ ಕೊಳ್ಳುವ ಮೇಡಂ ಕೂತಿದ್ದರು, ನಾನೇ ಕರೆದಿದ್ದೆ. ರಂಗದ ಮೇಲೆ ಸುಮಾ ಬೆರಳು ಮಡಚಿ, ಕಣ್ಣು ತುಂಬ ಮಮತೆಯಿಂದ ಜ್ವರದ ವಿಚಾರ ಕೇಳಿದಾಗ ಸಭೆಯೆಲ್ಲಾ ನಗೆಯಲ್ಲಿ ಅಲುಗಾಡಿತು. ಮೇಡಂ ನನ್ನ ಕಡೆ ತಿರುಗಿದರು.

“ಅದು ನಿಮ್ಮ ಕೈನೇ ಅಲ್ವೇನ್ರೀ?”

ಕತ್ತಲಿತ್ತು, ಇಲ್ಲವೆನ್ನಬಹುದಿತ್ತು. “ಹೌದು ಮೇಡಂ, ನಂದೇ,” ಎಂದೆ.

ಅವರು ನಾಟಕ ಮುಗಿಯುವವರೆಗೂ ಸುಮಾಳ ಬೆರಳನ್ನೇ ನೋಡಿದರು. ಸುಮಾ ಮುಂದೆ ಬಂದು ಕೈಮುಗಿದಾಗ, “ನಿಮಗಿಂತ ಚೆನ್ನಾಗಿ ಕದೀತಾಳೆ ನಿಮ್ಮ ತಂಗಿ,” ಎಂದು ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದರು. ಅವರ ಪಕ್ಕದಲ್ಲಿ ನಾನೂ ಎದ್ದು ನಿಂತೆ, ತಲೆ ತಗ್ಗಿಸದೆ.