ಪಾಳೇಗಾರನ ಎದೆ ಮೇಲಿನ ಧಾರೆ ಸೀರೆ

ಲೇ, ಫ್ಯಾನ್ಸಿ ಡ್ರೆಸ್ಸಿಗೆ ರಾಣಿ ಬಟ್ಟೆ ನಿಮ್ಮಜ್ಜಿ ಹತ್ರ ಹೊಲಿಸ್ಕೊಡು ಅಂದ್ಯಲ್ಲ, ಆಗಲ್ಲ ಕಣೇ. ಯಾಕೆ ಅಂತ ಹೇಳ್ತೀನಿ, ಪೂರ್ತಿ ಕೇಳು.

ನಮ್ಮಜ್ಜಿ ದ್ರಾಕ್ಷಾಯಣಮ್ಮಂಗೆ ಈ ಮನೆಗೆ ಸೊಸೆಯಾಗಿ ಬಂದಾಗಿಂದ ಅದೊಂದೇ ಹುಚ್ಚು. ಗುಡಿ ಕಂಬದ ಬೊಂಬೆ ನೋಡ್ಕೊಂಡ್ ಬರೋದು, ಹಳೇ ಕಾಲದ ದೊರೆ ನಿಲುವಂಗಿ ಹಿಂಗಿದ್ದಿರ್ಬೇಕು, ನೆರಿಗೆ ಹಿಂಗ್ ಬೀಳ್ಬೇಕು ಅಂತ ಪೇಪರ್ ಕತ್ತರಿಸಿ ಗುಂಡುಸೂಜಿ ಚುಚ್ಚಿಡೋದು. ಮೊದಮೊದ್ಲು ಹೊಲಿದಿದ್ದು ಮಾತ್ರ ಒಂದೂ ಇಲ್ಲ. ಬಟ್ಟೆ ಎಲ್ಲಿಂದ ತರ್ಬೇಕು?

ಎಂಬತ್ತೆರಡೋ ಎಂಬತ್ಮೂರೋ ಇಸ್ವಿ, ಊರಲ್ಲಿ ನಾಟಕ. ಪಾಳೇಗಾರನ ಪಾರ್ಟು ಯಾರ್ದು? ನಮ್ ತಾತ ತೋಂಟದಾರ್ಯಂದು! ಬಾಡಿಗೆ ಡ್ರೆಸ್ ಬ್ಯಾಡ, ನಾನೇ ಹೊಲಿತೀನಿ ಅಂತ ಅಜ್ಜಿ ಹಠ. ಕೆಂಪು ಮಕಮಲ್ಲು ಹೆಂಗೋ ಸಿಕ್ತು. ಎದೆಗೆ ಜರಿ ಪಟ್ಟಿ ಇಲ್ಲ.

ಜರಿ ಇದ್ದಿದ್ದು ಕೊಬ್ಬರಿ ಅಟ್ಟದಲ್ಲಿ, ಅವಳತ್ತೆ, ಅಂದ್ರೆ ನಮ್ ಮುತ್ತಜ್ಜಿ ಗುರುಸಿದ್ದಮ್ಮನ ಟ್ರಂಕಲ್ಲಿ. ಹಂಸದ ಜರಿ ಅಂಚಿನ ಧಾರೆ ಸೀರೆ. "ನನ್ ಮಣ್ ಮಾಡೋವಾಗ ಇದನ್ನೇ ಉಡಿಸ್ರವ್ವ" ಅಂತ ಎತ್ತಿಟ್ಟಿದ್ದು. ನಮ್ ಕಡೆ ಗೊತ್ತಲ್ಲ, ಅಟ್ಟಕ್ಕೆ ತುಂಬಿಟ್ಟ ಕಾಯಿ ಒಣಗಿ ಒಳಗಿನ ಕೊಬ್ಬರಿ ಗಡಗಡ ಅನ್ನೋವರ್ಗೂ ಯಾರೂ ಮೇಲಕ್ಕೆ ಹತ್ತಲ್ಲ. ಅದೇ ಧೈರ್ಯ ಅಜ್ಜಿಗೆ. ಅಂಚು ಕತ್ತರಿಸ್ಕೊಳ್ಳೋದು, ನಾಟಕ ಮುಗುದ್ಮೇಲೆ ಮತ್ತೆ ಹೊಲಿದಿಡೋದು, ಯಾರಿಗ್ ಗೊತ್ತಾಗುತ್ತೆ ಬುಡು!

ತಾತ ಸ್ಟೇಜ್ ಮೇಲೆ ಬಂದ್ರೆ ಶಿಳ್ಳೆಯೋ ಶಿಳ್ಳೆ. ಪಕ್ಕದ್ಮನೆ ಚಿಕ್ಕಗಂಗಮ್ಮ, "ಗುರುಸಿದ್ದಮ್ಮಾರೆ, ನಿಮ್ಮಗ ಥೇಟ್ ದೊರೆ ಕಣ್ರೀ! ನಾಳೆಯಿಂದ ಎಮ್ಮೆಗೆ ಹುಲ್ ಹಾಕೋರ್ಯಾರು?" ಅಂದ್ಲು. ಮುತ್ತಜ್ಜಿ ನಗ್ಲಿಲ್ಲ. ಮಗನ ಎದೆ ಮೇಲಿದ್ದ ಹಂಸದ ಜರೀನೇ ನೋಡ್ತಾ ಕೂತಿದ್ಲು.

ಮಾರನೇ ದಿನ ಅಜ್ಜಿ ಅಂಚು ಬಿಚ್ಚಿ ಸೀರೆಗೆ ಹೊಲಿತಿದ್ಲು. ಅದಕ್ಕೆ ಅಂಟಿದ್ದ ತಾತನ ಬೆವರು, ಮುಖದ ಬಣ್ಣ, ಎಷ್ಟೊರೆಸಿದ್ರೂ ಹೋಗ್ಲಿಲ್ಲ. ತಲೆ ಎತ್ತಿದ್ರೆ ಮುತ್ತಜ್ಜಿ ನಿಂತವ್ಳೆ.

"ತಪ್ಪಾಯ್ತು ಅತ್ತೆ."

"ಕೇಳಿದ್ರೆ ನಾನೇ ಕೊಡ್ತಿದ್ನಲ್ಲೇ."

ಅಷ್ಟೇ ಅಂದಿದ್ದು. ಬೈದಿದ್ರೆ ಚೆನ್ನಾಗಿತ್ತು ಅಂತಾಳೆ ಅಜ್ಜಿ, ಈಗ್ಲೂ.

ಮುತ್ತಜ್ಜಿ ಹೋದಾಗ ಅದೇ ಸೀರೆ ಉಡಿಸಿದ್ರು. ಹೊಲಿಗೆ, ಕಲೆ ಜನಕ್ಕೆ ಕಾಣ್ದಂಗೆ ಅಜ್ಜಿ ಅಂಚನ್ನ ಒಳಕ್ಕೆ ಮಡಚಿದ್ಲಂತೆ. ಕೊನೇಲೂ ಮುಚ್ಚಿಟ್ನಲ್ಲ ಅಂತ ಅದೊಂದ್ ಬೇರೆ ಸಂಕಟ.

ಅವತ್ತಿಂದ ಅವಳು ಬರೀ ಪೇಪರಿಗೆ ಕತ್ರಿ ಹಾಕೋದು, ಬಟ್ಟೆಗಿಲ್ಲ. ನಿನ್ ವಿಷ್ಯ ಹೇಳಿದ್ಕೆ ರಾಣಿ ಕುಪ್ಪಸನೂ ಪೇಪರಲ್ಲೇ ಕತ್ತರಿಸಿ ಕೊಟ್ಟವ್ಳೆ, ತೋಳಿನ ನೆರಿಗೆ ಸಮೇತ. ಹೊಲಿಗೆ ನೀನೇ ಹಾಕ್ಕೋ. "ಆ ಹುಡ್ಗಿ ಅವರಮ್ಮನ ಸೀರೆ ಏನಾದ್ರೂ ತಗೊಂಡ್ರೆ, ಕೇಳ್ಬುಟ್ಟು ತಗೊಳ್ಳಕ್ಕೇಳು" ಅಂದ್ಲು. ಎರಡ್ಸಲ ಅಂದ್ಲು ಕಣೇ.