ದೊಡ್ಡಪ್ಪನನ್ನು ನಾನು ಬಿಟ್ಟುಕೊಟ್ಟ ಬೆಳಿಗ್ಗೆ

ನಾನು ಚಿಕ್ಕವಳಿದ್ದಾಗ ನನ್ನ ಬಾಯಿಗೆ ಬೀಗ ಇರಲಿಲ್ಲ. ಈಗ ಮಾತ್ರ ಇದೆಯಾ ಅಜ್ಜಿ ಎಂದು ನೀವು ನಗುತ್ತೀರಿ, ನಗಿ. ಈಗ ನಾನು ಮಾತಾಡಿದರೆ ಹೆಚ್ಚೆಂದರೆ ನಿಮ್ಮ ಅಮ್ಮನಿಗೆ ತಲೆನೋವು ಬರುತ್ತದೆ, ಅಷ್ಟೆ. ಒಂಬತ್ತು ವರ್ಷದವಳಿದ್ದಾಗ ಒಂದು ಬೆಳಿಗ್ಗೆ ನಾನು ಬಾಯಿಬಿಟ್ಟದ್ದಕ್ಕೆ ಒಂದು ಜೀವವೇ ಹೋಯಿತು. ಇಷ್ಟು ವರ್ಷ ಅದನ್ನು ಯಾರಿಗೂ ಸರಿಯಾಗಿ ಹೇಳಿಲ್ಲ. ಇವತ್ತು ಹೇಳಿಬಿಡುತ್ತೇನೆ, ಮಧ್ಯೆ ಬಾಯಿ ಹಾಕಬೇಡಿ.

ಎರಡು ಸಾವಿರದ ಹದಿನಾಲ್ಕೋ ಹದಿನೈದೋ ಇರಬೇಕು. ನಾವು ಆಗ ಆಸ್ಟ್ರೇಲಿಯಾದಿಂದ ಆಚೆಯ ದ್ವೀಪದೇಶದಲ್ಲಿ, ನೆಲ್ಸನ್ ಎಂಬ ಊರಿನಲ್ಲಿದ್ದೆವು. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅಪ್ಪ ಬೇಟೆಗೆ ಬರುವವರಿಗೆ ದಾರಿ ತೋರಿಸುವ ಗೈಡ್. ಮೈಸೂರಿನಿಂದ ಹೋಟೆಲ್ ಕೆಲಸ ಕಲಿಯಲು ಬಂದವನು, ಬೇಟೆಗಾರರು ಇಳಿದುಕೊಳ್ಳುವ ಒಂದು ಲಾಡ್ಜಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದನಂತೆ. ಬಿಡುವು ಸಿಕ್ಕಾಗಲೆಲ್ಲ ಹಿಂದಿನ ಬೆಟ್ಟ ಹತ್ತಿ ಹತ್ತಿ, ಲಾಡ್ಜಿನ ಯಜಮಾನರಿಗಿಂತ ಚೆನ್ನಾಗಿ ಆ ಬೆಟ್ಟ ಅವನಿಗೆ ಗೊತ್ತಾಗಿಬಿಟ್ಟಿತು. ಕೊನೆಗೆ ಅವರೇ ಅವನ ಕೈಯಿಂದ ಚಾಕು ಬಿಡಿಸಿ ದುರ್ಬೀನು ಕೊಟ್ಟರು. ಯುಗಾದಿ ಊಟಕ್ಕೆ ಕನ್ನಡದವರೆಲ್ಲ ಸೇರಿದಾಗ ಯಾರಾದರೊಬ್ಬ ಅಂಕಲ್, “ಏನ್ ಸಾರ್, ಇಷ್ಟ್ ದೂರ ಬಂದು ಬೇಟೆ ಗೈಡಾ? ನಾನೆಲ್ಲೋ ಐಟಿ ಅನ್ಕೊಂಡಿದ್ದೆ!” ಎಂದು ಹುಬ್ಬೇರಿಸುತ್ತಿದ್ದರು. ಅದೇ ಅಂಕಲ್ ಹೊರಡುವ ಹೊತ್ತಿಗೆ ಅಪ್ಪನನ್ನು ಮೂಲೆಗೆ ಕರೆದು, ಜಿಂಕೆ ಮಾಂಸ ಒಂದೆರಡು ಕೆಜಿ ಸಿಗುತ್ತದೆಯೇ ಎಂದು ಕೇಳುತ್ತಿದ್ದರು.

ಅಲ್ಲಿನ ಕೆಂಜಿಂಕೆ ಎಂದರೆ ಚಿತ್ರದ ಪುಸ್ತಕದಲ್ಲಿರುವ ಚುಕ್ಕೆ ಜಿಂಕೆಯಲ್ಲ. ನಮ್ಮ ಕಡೆಯ ಕಡವೆಯ ಜಾತಿಯ ಭಾರಿ ಪ್ರಾಣಿ. ಏಪ್ರಿಲ್ ಬಂದರೆ ಅಲ್ಲಿ ಚಳಿ ಶುರು. ಆಗ ಗಂಡುಗಳು ಬೆಟ್ಟದಿಂದ ಬೆಟ್ಟಕ್ಕೆ ಗುಟುರು ಹಾಕುತ್ತವೆ. ದೂರದಲ್ಲಿ ಎಲ್ಲೋ ಹೋರಿ ಕೂಗಿದ ಹಾಗೆ, ಆಮೇಲೆ ಕೆಮ್ಮಿದ ಹಾಗೆ. ಅಪ್ಪ ಒಂದು ಪ್ಲಾಸ್ಟಿಕ್ ಪೈಪಿನ ತುಂಡನ್ನು ಬಾಯಿಗಿಟ್ಟುಕೊಂಡು ಥೇಟ್ ಹಾಗೆಯೇ ಕೂಗುತ್ತಿದ್ದ. ತನ್ನ ಜಾಗಕ್ಕೆ ಇನ್ನೊಬ್ಬ ಬಂದನೆಂದು ಸಿಟ್ಟಾಗಿ ಗಂಡುಜಿಂಕೆ ಹೊರಗೆ ಬರುತ್ತಿತ್ತು. ಮನೆಯ ಗರಾಜಿನಲ್ಲಿ ಅವನು ಅಭ್ಯಾಸ ಮಾಡುವಾಗ ಪಕ್ಕದ ಮನೆಯ ನಾಯಿ ಮಂಚದ ಕೆಳಗೆ ಹೋಗಿ ಕೂರುತ್ತಿತ್ತಂತೆ.

ಅಪ್ಪನಿಗೂ ನನಗೂ ಒಂದು ಗುಟ್ಟಿನ ಮಾತು ಇತ್ತು. ಗುಟ್ಟೇನು ಬಂತು, ಕನ್ನಡವೇ! ಆ ಬೆಟ್ಟಗಳಲ್ಲಿ ಕನ್ನಡ ತಿಳಿದವರು ನಾವಿಬ್ಬರೇ. ಬೇಟೆಗೆ ಬಂದವರಿಗೆ ಅಪ್ಪ ‘ನೆಂಟರು’ ಎನ್ನುತ್ತಿದ್ದ. ನೆಂಟರಿಗೆ ಏದುಸಿರು ಬಂದಿದೆ, ಸ್ವಲ್ಪ ಕೂರೋಣ. ನೆಂಟರ ಪ್ಯಾಂಟು ಹರಿದಿದೆ, ನಗಬೇಡ. ನನಗೆ ಎಲ್ಲ ಅರ್ಥವಾಗುತ್ತಿತ್ತು. ಆದರೆ ನಾನು ಉತ್ತರ ಕೊಡುತ್ತಿದ್ದದ್ದು ಮಾತ್ರ ಇಂಗ್ಲಿಷಿನಲ್ಲಿ. ಅಲ್ಲಿ ಹುಟ್ಟಿದ ಮಕ್ಕಳೆಲ್ಲ ಹಾಗೆಯೇ ಇದ್ದೆವು. ಕನ್ನಡ ಕಿವಿಯಲ್ಲಿ ಒಳಗೆ ಹೋಗುತ್ತಿತ್ತು, ಬಾಯಿಂದ ಇಂಗ್ಲಿಷ್ ಹೊರಗೆ ಬರುತ್ತಿತ್ತು. “ಒಂದ್ ದಿನಾನಾದ್ರೂ ಕನ್ನಡದಲ್ಲಿ ಉತ್ರ ಕೊಡೆ ಪುಟ್ಟಿ” ಎಂದು ಅಮ್ಮ ಗೋಗರೆಯುತ್ತಿದ್ದಳು. ನಾನು ‘ಓಕೆ ಅಮ್ಮ’ ಎನ್ನುತ್ತಿದ್ದೆ.

ಇನ್ನು ದೊಡ್ಡಪ್ಪ. ಅಪ್ಪನಿಗೆ ಅಣ್ಣ ಇರಲಿಲ್ಲ. ಬೆಟ್ಟದ ಮೇಲಿನ ಕಣಿವೆಯಲ್ಲಿದ್ದ ಒಂದು ಮುದಿ ಗಂಡುಜಿಂಕೆಗೆ ಅವನು ದೊಡ್ಡಪ್ಪ ಎಂದು ಹೆಸರಿಟ್ಟಿದ್ದ. ಎಡಗಿವಿ ಹರಿದಿತ್ತು. ಕತ್ತಿನ ಕೂದಲು ಕಪ್ಪಗೆ ಜಡೆಗಟ್ಟಿತ್ತು. ಏಳು ಏಪ್ರಿಲ್‌ಗಳಿಂದ ಅಪ್ಪ ಅದನ್ನು ನೋಡುತ್ತಿದ್ದ, ಏಳು ಏಪ್ರಿಲ್‌ಗಳಿಂದಲೂ ಯಾವ ನೆಂಟರಿಗೂ ತೋರಿಸಿರಲಿಲ್ಲ. ಅದಿದ್ದ ಕಡೆಗೆ ಬೆನ್ನು ಮಾಡಿ ಕೂರಿಸುತ್ತಿದ್ದ, ಇಲ್ಲವೇ ಗಾಳಿ ಸರಿಯಿಲ್ಲ ಎಂದು ಬೇರೆ ದಾರಿ ಹಿಡಿಸುತ್ತಿದ್ದ. ಗೈಡ್ ಆದವನು ಹಾಗೆ ಮಾಡುವುದು ಮೋಸ, ಅದು ಅವನಿಗೂ ಗೊತ್ತಿತ್ತು. ಮುದಿ ಗಂಡನ್ನೇ ಹೊಡೆಯಬೇಕು, ಚಿಕ್ಕವನ್ನು ಬಿಡಬೇಕು ಎಂದು ಯಜಮಾನರು ಹೇಳುತ್ತಲೇ ಇದ್ದರು. “ಇರ್ಲಿ ಬಿಡು, ದೊಡ್ಡಪ್ಪ ತಾನಾಗ್ ತಾನು ಹೋಗ್ಲಿ” ಎಂದು ಅಪ್ಪ ನನಗೊಬ್ಬಳಿಗೆ ಹೇಳಿದ್ದ. ಅಮ್ಮನಿಗೂ ಹೇಳಿರಲಿಲ್ಲ. ಆ ಒಂದು ಮಾತನ್ನು ಮಾತ್ರ ನಾನು ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ, ನನಗೇ ಆಶ್ಚರ್ಯ.

ಹಿಂದಿನ ಚಳಿಗಾಲದಲ್ಲಿ ಹಿಮ ವಿಪರೀತ ಬಿದ್ದಿತ್ತು. ಜಿಂಕೆಗಳು ಪ್ರತಿವರ್ಷ ಕೊಂಬು ಉದುರಿಸುತ್ತವೆ, ಅಪ್ಪ ದೊಡ್ಡಪ್ಪನ ಕೊಂಬನ್ನು ಹುಡುಕಿ ತರುತ್ತಿದ್ದ. ಆ ಸಲ ಸಿಗಲಿಲ್ಲ. ಬೇಸಿಗೆಯಲ್ಲಿ ಮೂರು ಸಲ ಹೋದರೂ ಅವನ ಸುಳಿವಿಲ್ಲ. ಹೋಗಿಬಿಟ್ಟ ಅನ್ನಿಸುತ್ತೆ ಎಂದು ಅಪ್ಪ ಒಂದು ಸಂಜೆ ಬೂಟು ಬಿಚ್ಚುತ್ತಾ ಹೇಳಿದ. ನಾನು ರೂಮಿಗೆ ಹೋಗಿ ಅತ್ತೆ. ದೇವರಲ್ಲಿ ಬೇಡಿಕೊಂಡೆ ಕೂಡ. ದೊಡ್ಡಪ್ಪ ಬದುಕಿರಲಿ, ನಾನು ಗಣಿತ ಮಾಡುತ್ತೇನೆ ಎಂದು.

ಏಪ್ರಿಲ್ ರಜೆ ಬಂತು. ಅಮ್ಮನಿಗೆ ಹಗಲು ಡ್ಯೂಟಿ, ನನ್ನನ್ನು ನೋಡಿಕೊಳ್ಳುವವರಿಲ್ಲ. ಯಜಮಾನರು ಒಪ್ಪಿ, ಹಿಂದಿನ ರಜೆಗಳ ಹಾಗೆ ನಾನೂ ಅಪ್ಪನ ಜೊತೆ ಹೊರಟೆ. ಆ ವಾರದ ನೆಂಟರು ಆಸ್ಟ್ರೇಲಿಯಾದ ಒಬ್ಬ ತಾತ. ಮಂಡಿಗೆ ಆಪರೇಷನ್ ಆಗಿತ್ತು, ಇದೇ ನನ್ನ ಕೊನೆಯ ಬೇಟೆ ಎಂದು ಬಂದಿದ್ದರು. ಮೂರು ದಿನ ಏನೂ ಸಿಕ್ಕಿರಲಿಲ್ಲ. ಒಂದು ದಿನವೂ ಮುಖ ಗಂಟು ಹಾಕಿಕೊಂಡವರಲ್ಲ. ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಮೊದಲು ನನಗೆ, ಆಮೇಲೆ ತಮಗೆ. ಕೆಟ್ಟವರಾಗಿದ್ದರೆ ಈ ಕಥೆ ಹೇಳುವುದು ಎಷ್ಟು ಸುಲಭವಾಗುತ್ತಿತ್ತು!

ನಾಲ್ಕನೆಯ ದಿನ, ಅವರ ಕೊನೆಯ ದಿನ, ಬೆಳಕು ಹರಿಯುತ್ತಲೇ ಯೂಟ್ ಎನ್ನುವ ಪಿಕಪ್ ಗಾಡಿಯನ್ನು ಹೊಳೆಯ ಹತ್ತಿರ ನಿಲ್ಲಿಸಿ ನಡೆದೆವು. ಹುಲ್ಲೆಲ್ಲ ಮಂಜು ಹೆಪ್ಪುಗಟ್ಟಿ ಕಾಲಡಿ ಹಪ್ಪಳದಂತೆ ಮುರಿಯುತ್ತಿತ್ತು. ಬೀಚ್ ಎಂಬ ಜಾತಿಯ ಮರಗಳ ಕಾಡು ಸೇರಿದರೆ ಜೇನಿನ ವಾಸನೆ. ಆ ಮರಗಳ ಕಪ್ಪು ತೊಗಟೆಯಿಂದ ಸಿಹಿ ಹನಿ ಜಿನುಗುತ್ತದೆ. ನಾನು ಬೆರಳಿನಿಂದ ಒರೆಸಿ ನೆಕ್ಕಿದೆ. ಕಣಜಗಳಿವೆ ಎಂದು ಅಪ್ಪ ಕೈ ಎಳೆದ. ಒಂದು ಪುಟ್ಟ ಬೀಸಣಿಗೆ ಬಾಲದ ಹಕ್ಕಿ ನಮ್ಮ ತಲೆಯ ಮೇಲೇ ಕುಣಿಯುತ್ತಾ ಬರುತ್ತಿತ್ತು. ಅಪ್ಪ ಆಗಾಗ ಚಿಕ್ಕ ಬಾಟಲಿಯಿಂದ ಅಕ್ಕಿ ಹಿಟ್ಟು ಊದಿ ಗಾಳಿ ಯಾವ ಕಡೆ ಎಂದು ನೋಡುತ್ತಿದ್ದ. ತಾತನ ಕೋಲು ಕಲ್ಲಿಗೆ ತಾಗಿ ಟಕ್ ಎಂದಾಗಲೆಲ್ಲ ಅವರೇ ನಾಚಿಕೊಂಡು ಸಾರಿ ಎನ್ನುತ್ತಿದ್ದರು.

ಕಣಿವೆಯ ಅಂಚಿನಲ್ಲಿ ಬಿದ್ದ ಮರದ ಹಿಂದೆ ಮೂವರೂ ಕುಳಿತೆವು. ಬಲಗಡೆಯ ಇಳಿಜಾರಿನಲ್ಲಿ ಒಂದು ಗಂಡು ಕೂಗುತ್ತಿತ್ತು. ಸಾಧಾರಣ ಕೊಂಬಿನದು, ಆದರೂ ತಾತನಿಗೆ ಸಾಕು ಎಂದು ಅಪ್ಪ ಪೈಪು ಎತ್ತಿ ಒಂದು ಗುಟುರು ಹಾಕಿದ. ತಾತ ದುರ್ಬೀನು ಹಿಡಿದು ಆ ಕಡೆಗೇ ನೋಡುತ್ತಿದ್ದರು. ಆಗ ಅಪ್ಪ ಪೈಪನ್ನು ಮೆಲ್ಲಗೆ ಕೆಳಗಿಟ್ಟ. ಅವನು ನನ್ನ ಕಿವಿಯ ಹತ್ತಿರ ಬಗ್ಗಿದ. ಕಾಫಿಯ ವಾಸನೆ, ಬಿಸಿ ಉಸಿರು.

“ಪುಟ್ಟೀ, ದೊಡ್ಡಪ್ಪ ಬಂದವ್ರೆ ಕಣೆ. ಎಡಗಡೆ, ದೊಡ್ಡ ಮರದ್ ಕೆಳಗೆ. ಅಲ್ಲಾಡ್ಬೇಡ. ನೆಂಟರನ್ನ ಬಲಗಡೆಗೇ ಕರ್ಕೊಂಡ್ ಹೋಗೋಣ.”

ಹೇಳದೆ ಇರಬಹುದಿತ್ತು ಅವನು. ಆದರೆ ಅಷ್ಟು ಸಂತೋಷವನ್ನು ಒಬ್ಬನೇ ಇಟ್ಟುಕೊಳ್ಳಲು ಅವನಿಂದಲೂ ಆಗಲಿಲ್ಲ. ನಾನು ತಿರುಗಿ ನೋಡಿದೆ. ನೆರಳಿನಲ್ಲಿ ದೊಡ್ಡಪ್ಪ ನಿಂತಿದ್ದ. ಬಡಕಲಾಗಿದ್ದ, ಬೆನ್ನು ಬಗ್ಗಿತ್ತು, ಹರಿದ ಕಿವಿ ಅದೇ. ಬಾಯಿಂದ ಹಬೆ ಬರುತ್ತಿತ್ತು. ನನಗೆ ಮೈಮೇಲಿನ ಪರಿವೆಯೇ ಹೋಯಿತು.

“ಹೀ ಈಸ್ ಅಲೈವ್, ಅಪ್ಪ! ಅಂಡರ್ ದ ಬಿಗ್ ಟ್ರೀ! ಹೀ ಈಸ್ ಅಲೈವ್!”

ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ, ದಿನಾ ಮಾಡುತ್ತಿದ್ದ ಹಾಗೆಯೇ. ಪಿಸುಮಾತೇ ಆಗಿತ್ತು, ದೊಡ್ಡಪ್ಪನ ತನಕ ಕೇಳಿಸಲಿಲ್ಲ. ಮಾರುದ್ದ ಆಚೆ ಕುಳಿತಿದ್ದ ತಾತನಿಗೆ ಮಾತ್ರ ಚೆನ್ನಾಗಿ ಕೇಳಿಸಿತು. ದುರ್ಬೀನು ನಿಧಾನವಾಗಿ ಎಡಕ್ಕೆ ತಿರುಗಿತು. ನಾನು ನಾಲಿಗೆ ಕಚ್ಚಿಕೊಂಡೆ. ಆಡಿದ್ದು ಆಗಿಹೋಗಿತ್ತು.

ತಾತ ಬಹಳ ಹೊತ್ತು ನೋಡಿದರು. ಆಮೇಲೆ ಅಪ್ಪನ ಮುಖ ನೋಡಿದರು. ಇವನು ನಿನಗೆ ಮೊದಲೇ ಗೊತ್ತಾ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. ಸಿಟ್ಟಿನಿಂದಲ್ಲ. ಅಪ್ಪ ಸುಳ್ಳು ಹೇಳಬಹುದಿತ್ತು, ಗಾಳಿ ಸರಿಯಿಲ್ಲ ಎನ್ನಬಹುದಿತ್ತು, ಒಂದು ಕೆಮ್ಮು ಕೆಮ್ಮಿದ್ದರೂ ದೊಡ್ಡಪ್ಪ ಓಡಿಹೋಗುತ್ತಿದ್ದ. ಮಗಳ ಮುಂದೆ, ಆ ಮುದುಕರ ಮುಂದೆ, ಅವನಿಂದ ಆಗಲಿಲ್ಲ. ಗೊತ್ತು ಎಂದ. ತಾತನನ್ನು ಮೂರು ದಿನ ನಡೆಸಿದ್ದು ಸಾಕು ಅನ್ನಿಸಿತೋ ಏನೋ. ತನ್ನ ಬ್ಯಾಗನ್ನು ಮರದ ಮೇಲಿಟ್ಟು ಕೋವಿಗೆ ಆಸರೆ ಮಾಡಿಕೊಟ್ಟ. ಎಷ್ಟು ದೂರ ಎಂದು ಹೇಳಿದ. ಎಲ್ಲಿಗೆ ಗುರಿ ಇಡಬೇಕೆಂದು ಹೇಳಿದ. ಕೆಲಸ ಎಂದರೆ ಕೆಲಸ.

ನಾನು ಕಣ್ಣು ಮುಚ್ಚಿದೆ, ಕಿವಿಗೂ ಬೆರಳಿಟ್ಟೆ. ಆದರೂ ಕೇಳಿಸಿತು.

ನಾವು ಕಣಿವೆ ದಾಟಿ ಹೋಗುವ ಹೊತ್ತಿಗೆ ಬಿಸಿಲು ಬಂದಿತ್ತು. ದೊಡ್ಡಪ್ಪ ಪಕ್ಕಕ್ಕೆ ಮಲಗಿದ್ದ. ಹತ್ತಿರದಿಂದ ಅವನಿಗೆ ಹಸಿ ಮಣ್ಣಿನ ವಾಸನೆ, ಹೋತದ ವಾಸನೆ. ಬಾಯಿ ಸ್ವಲ್ಪ ತೆರೆದಿತ್ತು, ಹಲ್ಲುಗಳು ಸವೆದು ಒಸಡಿಗೆ ಸಮನಾಗಿದ್ದವು. ಮುಂದಿನ ಹಿಮದ ತನಕ ಇವನು ಬದುಕುತ್ತಿರಲಿಲ್ಲ ಎಂದು ತಾತ ಹೇಳಿದರು. ಸಮಾಧಾನಕ್ಕೆ ಹೇಳಿದರೋ ನಿಜವೋ ತಿಳಿಯದು. ಅವರ ಕಣ್ಣು ತುಂಬಿತ್ತು. ಟೋಪಿ ತೆಗೆದು ನನ್ನ ಕೈ ಕುಲುಕಿದರು. ನಿನ್ನ ಕಣ್ಣು ಬಲು ಚುರುಕು ಮಗು, ನೀನಿಲ್ಲದಿದ್ದರೆ ನನಗೆ ಇವನು ಸಿಗುತ್ತಲೇ ಇರಲಿಲ್ಲ ಎಂದರು. ಯಾರಾದರೂ ನನ್ನ ಕೆನ್ನೆಗೆ ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಅಪ್ಪ ಮಂಡಿಯೂರಿ ದೊಡ್ಡಪ್ಪನ ಕತ್ತಿನ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದ. ನಾನು ಪಕ್ಕಕ್ಕೆ ಹೋಗಿ ಕುಳಿತೆ. ಹೇಗೋ ಮಾತುಗಳನ್ನು ಜೋಡಿಸಿಕೊಂಡು, ಹುಟ್ಟಿದ ಮೇಲೆ ಬಹುಶಃ ಮೊದಲ ಸಲ, ಪೂರ್ತಿ ಕನ್ನಡದಲ್ಲಿ ಹೇಳಿದೆ.

“ಅಪ್ಪ, ನನ್ನಿಂದ ತಪ್ಪಾಯ್ತು. ನಾನು ಬೇಕೂಂತ ಹೇಳ್ಲಿಲ್ಲ.”

ಅಪ್ಪ ತಲೆ ಎತ್ತಲಿಲ್ಲ. “ಇಟ್ಸ್ ಆಲ್ ರೈಟ್. ಪಾಸ್ ಮಿ ದ ವಾಟರ್” ಎಂದ. ನಾನು ನೀರಿನ ಬಾಟಲಿ ಕೊಟ್ಟೆ.

ಮಧ್ಯಾಹ್ನದ ತನಕ ಅವನು ಚರ್ಮ ಸುಲಿದು, ಮಾಂಸ ಬಿಡಿಸಿ, ಚೀಲಗಳಿಗೆ ತುಂಬಿದ. ಕೊಂಬುಗಳನ್ನು ತಾನೇ ಬೆನ್ನಿಗೆ ಕಟ್ಟಿಕೊಂಡು ಇಳಿದ. ದಾರಿಯಲ್ಲಿ ನಮ್ಮಿಬ್ಬರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೊಳೆಯ ಬಗ್ಗೆ, ಹವಾಮಾನದ ಬಗ್ಗೆ ಮಾತಾಡಿದ. ಲಾಡ್ಜಿನಲ್ಲಿ ಎಲ್ಲರೂ ಅವನ ಬೆನ್ನು ತಟ್ಟಿದರು. ಅಮ್ಮ ಮಾಂಸದ ಸಾರು ಮಾಡಿದ ರಾತ್ರಿ ಅಪ್ಪ ಹಸಿವಿಲ್ಲ ಎಂದ, ನಾನೂ ಹಸಿವಿಲ್ಲ ಎಂದೆ. ಇಬ್ಬರಿಗೂ ಏನು ಬಂದಿದೆ ರೋಗ ಎಂದು ಅಮ್ಮ ಬೈದಳು.

ಬಹಳ ವರ್ಷಗಳ ಮೇಲೆ, ಅವನಿಗೆ ತಲೆ ನರೆತ ಮೇಲೆ, ನನ್ನ ಮೇಲೆ ಇನ್ನೂ ಸಿಟ್ಟಿದೆಯೇ ಎಂದು ಒಂದು ಸಲ ಧೈರ್ಯ ಮಾಡಿ ಕೇಳಿದೆ. “ಮೋಸ ಮಾಡ್ತಿದ್ದೋನು ನಾನು, ನಿನ್ದೇನ್ ತಪ್ಪೆ?” ಎಂದ. ಮನಸ್ಸಿನಿಂದಲೇ ಹೇಳಿದ್ದು, ನನಗೆ ಗೊತ್ತು. ಅದರಿಂದ ನನಗೇನೂ ಹಗುರವಾಗಲಿಲ್ಲ.

ಈಗ ನಿಮ್ಮನ್ನು ನೋಡುತ್ತೇನೆ. ನಿಮ್ಮ ಕಿವಿಯಲ್ಲಿ ಕಡಲೆಕಾಳಿನಷ್ಟು ಯಂತ್ರ, ಯಾರು ಯಾವ ಭಾಷೆ ಆಡಿದರೂ ಅರ್ಥ ಮಾಡಿ ಹೇಳುತ್ತದೆ. ಬೆಟ್ಟದ ಯಾವ ಮರದ ಕೆಳಗೆ ಯಾವ ಜಿಂಕೆ ನಿಂತಿದೆ ಎಂದು ಮನೆಯಲ್ಲೇ ಕುಳಿತು ಪರದೆಯಲ್ಲಿ ನೋಡುತ್ತೀರಿ. ಬಚ್ಚಿಡುವಂಥದ್ದು ನಿಮ್ಮ ಲೋಕದಲ್ಲಿ ಏನೂ ಉಳಿದಿಲ್ಲ, ಅದು ಒಳ್ಳೆಯದೇ ಇರಬಹುದು. ನಾನು ಕನ್ನಡದಲ್ಲಿ ಕರೆದರೆ ಇಂಗ್ಲಿಷಿನಲ್ಲಿ ಓಗೊಡುತ್ತೀರಿ. ನಾನು ಬೈಯುವುದಿಲ್ಲ, ಬೈಯಲು ನನಗೆ ಯಾವ ಮುಖವಿದೆ? ಆದರೆ ನಾನು ನಿಮ್ಮ ಕಿವಿಯ ಹತ್ತಿರ ಬಗ್ಗಿದಾಗ ಆ ಯಂತ್ರ ತೆಗೆದಿಟ್ಟು ಕೇಳಿ. ಅಪ್ಪ ನನ್ನ ಕಿವಿಯ ಹತ್ತಿರ ಬಗ್ಗಿದ್ದು ಆ ಬೆಳಿಗ್ಗೆಯೇ ಕೊನೆ. ಆಮೇಲೆ ಇಪ್ಪತ್ತು ವರ್ಷ ನಾವಿಬ್ಬರೂ ಜೊತೆಯಲ್ಲೇ ಬೆಟ್ಟ ಹತ್ತಿದೆವು. ಬೆಟ್ಟದ ಮೇಲೆ ಅವನು ಯಾವತ್ತೂ ಇಂಗ್ಲಿಷಿನಲ್ಲೇ, ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಮಾತಾಡಿದ.